ಹೊಸ ಫಲಕ, ಹಳೆಯ ಬಾಕಿ: ರಿಯಾಯಿತಿ ದಿನಸಿ ಸರಣಿಗಳ ಮರುನಾಮಕರಣವನ್ನೂ ವಿಸ್ತರಣೆಯನ್ನೂ ಸರಬರಾಜುದಾರರು ಅರಿಯುವ ಬಗೆ

ರಿಯಾಯಿತಿ ದರದಲ್ಲಿ ದಿನಸಿ ಮಾರುವ ಮಳಿಗೆಗಳ ಸರಣಿಯೊಂದು ಕೈ ಬದಲಾದಾಗ ಅಥವಾ ತನ್ನ ಸ್ವರೂಪವನ್ನು ಬದಲಿಸಿಕೊಳ್ಳಲು ತೀರ್ಮಾನಿಸಿದಾಗ ಅದರ ಸರಬರಾಜುದಾರರಿಗೆ ಸಾಮಾನ್ಯವಾಗಿ ಎರಡು ಪತ್ರಗಳು ಬರುತ್ತವೆ. ಮೊದಲನೆಯದು ಬಣ್ಣದ ಕಾಗದದಲ್ಲಿರುತ್ತದೆ. ಹೊಸ ಹೆಸರು, ಹೊಸ ಲಾಂಛನ, ಮುಂದಿನ ಎರಡು ವರ್ಷಗಳಲ್ಲಿ ತೆರೆಯಲಿರುವ ಮಳಿಗೆಗಳ ಸಂಖ್ಯೆ ಇವೆಲ್ಲ ಅದರಲ್ಲಿರುತ್ತವೆ. ಎರಡನೆಯದು ಕೆಲವು ವಾರಗಳ ನಂತರ ಸಾದಾ ಕಾಗದದಲ್ಲಿ ಬರುತ್ತದೆ. ಬಿಲ್ಲುಗಳ ಪಾವತಿ ಅವಧಿಯನ್ನು 21 ದಿನಗಳಿಂದ 45 ದಿನಗಳಿಗೆ ವಿಸ್ತರಿಸಲಾಗಿದೆ, ಸಹಕರಿಸಬೇಕು ಎಂಬುದು ಅದರ ಒಕ್ಕಣೆ. ಮೊದಲನೆಯ ಪತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿ ಎರಡನೆಯದನ್ನು ಕಡತಕ್ಕೆ ಸೇರಿಸುವ ವರ್ತಕರೇ ಹೆಚ್ಚು. ವಾಸ್ತವದಲ್ಲಿ ಅವೆರಡೂ ಒಂದೇ ಯೋಜನೆಯ ಎರಡು ಪುಟಗಳಾಗಿರುತ್ತವೆ.

ಕಲಬುರಗಿಯ ತೊಗರಿಬೇಳೆ ಗಿರಣಿ, ಗಂಗಾವತಿ ಮತ್ತು ಸಿಂಧನೂರುಗಳ ಅಕ್ಕಿ ಗಿರಣಿ, ಮಂಡ್ಯದ ಬೆಲ್ಲದ ವರ್ತಕ, ಬ್ಯಾಡಗಿಯ ಮೆಣಸಿನಕಾಯಿ ಪುಡಿ ತಯಾರಕ ಮೊದಲಾದವರೆಲ್ಲರಿಗೂ ಇಂದು ಮಳಿಗೆ ಸರಣಿಗಳು ದೊಡ್ಡ ಗಿರಾಕಿಗಳಾಗಿವೆ. ಕಿರಾಣಿ ಅಂಗಡಿಯವನ ಉದ್ರಿ ಮುಳುಗಿದರೆ ಕೆಲವು ಸಾವಿರಗಳ ನಷ್ಟ. ಸರಣಿಯೊಂದರ ಬಾಕಿ ಮುಳುಗಿದರೆ ಗಿರಣಿಯೇ ಬ್ಯಾಂಕಿಗೆ ಬಾಕಿದಾರನಾಗುವ ಸಂಭವವುಂಟು. ಆದ್ದರಿಂದ ಇಂಥ ಸರಣಿಗಳು ಹೇಗೆ ಬೆಳೆಯುತ್ತವೆ, ಏಕೆ ಹೆಸರು ಬದಲಿಸುತ್ತವೆ, ಆ ಬೆಳವಣಿಗೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯ.

ರಿಯಾಯಿತಿ ವ್ಯಾಪಾರದ ಲೆಕ್ಕಾಚಾರ

ರಿಯಾಯಿತಿ ಸರಣಿಯ ಒಟ್ಟು ಲಾಭಾಂಶ ಬಹಳ ತೆಳುವಾದದ್ದು. ನೂರು ರೂಪಾಯಿ ಮಾರಾಟದಲ್ಲಿ ಹದಿನಾಲ್ಕು ಹದಿನೈದು ರೂಪಾಯಿ ಉಳಿದರೆ ಅದೇ ಹೆಚ್ಚು. ಅದರೊಳಗೆ ಬಾಡಿಗೆ, ಸಂಬಳ, ವಿದ್ಯುತ್, ಸಾಗಣೆ, ಸೋರಿಕೆ, ಬಡ್ಡಿ ಎಲ್ಲವೂ ತೀರಬೇಕು. ಹೀಗಿರುವಾಗ ಲಾಭವು ಬೆಲೆಯಿಂದ ಬರಲಾರದು; ದಾಸ್ತಾನು ವರ್ಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬುದರಿಂದ ಬರಬೇಕು. ಗ್ರಾಹಕನು ನಗದು ಕೊಡುತ್ತಾನೆ, ಸರಬರಾಜುದಾರನು ಉದ್ರಿ ಕೊಡುತ್ತಾನೆ. ಸರಕು ಮಾರಾಟವಾಗುವ ಅವಧಿಗಿಂತ ಬಿಲ್ಲು ತೀರಿಸುವ ಅವಧಿ ದೀರ್ಘವಾಗಿದ್ದರೆ, ಆ ನಡುವಿನ ದಿನಗಳ ಹಣ ಸರಣಿಯ ಕೈಯಲ್ಲಿ ಉಳಿಯುತ್ತದೆ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಋಣಾತ್ಮಕ ದುಡಿಯುವ ಬಂಡವಾಳ ಎಂದು ಹೆಸರು. ಕೇಳಲು ದೋಷದಂತೆ ತೋರಿದರೂ ಚಿಲ್ಲರೆ ವ್ಯಾಪಾರದಲ್ಲಿ ಇದು ವರವೇ, ಮಿತಿಯಲ್ಲಿ ಇರುವಷ್ಟು ಕಾಲ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 50 ಮಳಿಗೆಗಳ ಸರಣಿಯೊಂದಿದೆ ಎಂದುಕೊಳ್ಳೋಣ. ಪ್ರತಿ ಮಳಿಗೆಯ ಮಾಸಿಕ ಮಾರಾಟ ರೂ. 30 ಲಕ್ಷ, ಅಂದರೆ ಒಟ್ಟು ರೂ. 15 ಕೋಟಿ. ಒಟ್ಟು ಲಾಭಾಂಶ ಶೇ. 14 ಆದರೆ ಮಾಸಿಕ ಖರೀದಿ ರೂ. 12.90 ಕೋಟಿ. ದಾಸ್ತಾನು 20 ದಿನಗಳಷ್ಟು, ಅಂದರೆ ರೂ. 8.60 ಕೋಟಿ. ಸರಬರಾಜುದಾರರಿಗೆ 40 ದಿನಗಳ ಬಾಕಿ, ಅಂದರೆ ರೂ. 17.20 ಕೋಟಿ. ವ್ಯತ್ಯಾಸವಾದ ರೂ. 8.60 ಕೋಟಿ ಸರಣಿಯ ಕೈಯಲ್ಲಿರುವ ಬಡ್ಡಿರಹಿತ ನಗದು. ಹೊಸ ಮಳಿಗೆಯೊಂದಕ್ಕೆ ರ‍್ಯಾಕು, ಹವಾನಿಯಂತ್ರಣ, ಗಣಕಯಂತ್ರ, ಬಾಡಿಗೆ ಮುಂಗಡಗಳಿಗೆಂದು ರೂ. 40 ಲಕ್ಷ ಬೇಕಾದರೆ, ಷೇರುದಾರರ ಒಂದು ರೂಪಾಯಿಯೂ ಇಲ್ಲದೆ 21 ಮಳಿಗೆಗಳನ್ನು ತೆರೆಯಬಹುದು. ಇವು ವ್ಯಾಪಾರ ಹಿಡಿದರೆ ಬಾಕಿಯೂ ಬೆಳೆಯುತ್ತದೆ, ಆ ಬಾಕಿಯಿಂದ ಮತ್ತಷ್ಟು ಮಳಿಗೆಗಳು.

ಈಗ ಇದೇ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ನೋಡಬೇಕು. ಯಾವುದೋ ವದಂತಿಯಿಂದ ಸರಬರಾಜುದಾರರು ಎಚ್ಚೆತ್ತು 40 ದಿನಗಳ ಉದ್ರಿಯನ್ನು 20 ದಿನಗಳಿಗೆ ಇಳಿಸಿದರೆಂದುಕೊಳ್ಳೋಣ. ಸರಣಿಯು ಕೂಡಲೇ ರೂ. 8.60 ಕೋಟಿ ಒದಗಿಸಬೇಕು. ಆ ಹಣವಾದರೋ ಗೋಡೆಗೆ ಜಡಿದ ರ‍್ಯಾಕುಗಳಲ್ಲಿ, ಕಟ್ಟಡದ ಮಾಲೀಕರ ಬಳಿಯಿರುವ ಮುಂಗಡದಲ್ಲಿ ಸಿಕ್ಕಿಕೊಂಡಿದೆ. ಪಾವತಿ ನಿಲ್ಲುತ್ತದೆ, ಪಾವತಿ ನಿಂತೊಡನೆ ಸರಕು ನಿಲ್ಲುತ್ತದೆ, ಖಾಲಿ ರ‍್ಯಾಕು ಕಂಡ ಗ್ರಾಹಕನು ಎದುರಿನ ಅಂಗಡಿಗೆ ಹೋಗುತ್ತಾನೆ. ಮಾರಾಟ ಕುಸಿದಂತೆ ದಿನದ ನಗದೂ ಕುಸಿಯುತ್ತದೆ. ಲಾಭ-ನಷ್ಟ ಖಾತೆಯಲ್ಲಿ ನಷ್ಟ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ಇವೆಲ್ಲ ನಡೆದುಹೋಗಿರುತ್ತವೆ.

ಸುಭಿಕ್ಷಾ: ವಿಸ್ತರಣೆಯ ವೇಗ

ಮೇಲಿನ ಉದಾಹರಣೆ ಕಾಲ್ಪನಿಕವಾದರೂ ಅದರ ಮಾದರಿ ಕಾಲ್ಪನಿಕವಲ್ಲ. 1997ರಲ್ಲಿ ಚೆನ್ನೈನಲ್ಲಿ ಆರಂಭವಾದ ಸುಭಿಕ್ಷಾ ಸರಣಿಯು ಭಾರತದ ರಿಯಾಯಿತಿ ದಿನಸಿ ವ್ಯಾಪಾರದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು. ಅದರ ಆರಂಭದ ಮಳಿಗೆಗಳು ಮುಖ್ಯರಸ್ತೆಯನ್ನು ಬಿಟ್ಟು ಒಳಬೀದಿಗಳಲ್ಲಿದ್ದವು, ಹವಾನಿಯಂತ್ರಣವಿರಲಿಲ್ಲ, ಅಲಂಕಾರವಿರಲಿಲ್ಲ. ದಿನಸಿಯ ಜೊತೆಗೆ ಔಷಧಿಗಳೂ ರಿಯಾಯಿತಿಯಲ್ಲಿ ದೊರೆಯುತ್ತಿದ್ದವು. ತಮಿಳುನಾಡೊಂದರಲ್ಲೇ ಸುಮಾರು ನೂರೈವತ್ತು ಮಳಿಗೆಗಳ ಮಟ್ಟಕ್ಕೆ ಬೆಳೆಯಲು ಅದು ಹೆಚ್ಚುಕಡಿಮೆ ಎಂಟು ವರ್ಷ ತೆಗೆದುಕೊಂಡಿತು. ಆ ಹಂತದವರೆಗಿನ ಕಾರ್ಯವೈಖರಿಯಲ್ಲಿ ದೋಷ ಹುಡುಕುವುದು ಕಷ್ಟ.

ಆನಂತರ ದೆಹಲಿ, ಗುಜರಾತ್, ಮುಂಬೈ, ಆಂಧ್ರ, ಕರ್ನಾಟಕ ಎಂದು ಏಕಕಾಲಕ್ಕೆ ಹರಡಲು ಹೊರಟ ಸರಣಿಯು 2008ರ ಉತ್ತರಾರ್ಧದ ವೇಳೆಗೆ ಸುಮಾರು 1,600 ಮಳಿಗೆಗಳನ್ನು ಹೊಂದಿತ್ತು. ಮೊಬೈಲ್ ಫೋನುಗಳ ಮಾರಾಟವೂ ಸೇರಿಕೊಂಡಿತ್ತು. ಮೂರು ವರ್ಷಗಳಲ್ಲಿ ಹತ್ತು ಪಟ್ಟು ಬೆಳವಣಿಗೆ! ಇದಕ್ಕೆ ತಕ್ಕ ಸ್ವಂತ ಬಂಡವಾಳ ಬಂದಿರಲಿಲ್ಲ. ಬ್ಯಾಂಕುಗಳ ಸಾಲವೇ ರೂ. 700 ಕೋಟಿ ಮೀರಿತ್ತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 2008ರಲ್ಲಿ ಸಂಸ್ಥೆಯ ಶೇ. 10ರಷ್ಟು ಷೇರುಗಳು ರೂ. 230 ಕೋಟಿಗೆ ಮಾರಾಟವಾದವು. ಕೊಂಡದ್ದು ವಿಪ್ರೋದ ಅಜೀಂ ಪ್ರೇಮ್‌ಜಿಯವರ ಹೂಡಿಕೆ ಸಂಸ್ಥೆ. ಈ ಸುದ್ದಿ ಓದಿದ ಸರಬರಾಜುದಾರರಲ್ಲಿ ಹಲವರಿಗೆ ಸಂಸ್ಥೆಯ ತಿಜೋರಿಗೇ ಅಷ್ಟು ಹಣ ಬಂದಿತೆಂದು ಭಾಸವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಷೇರುಗಳನ್ನು ಮಾರಿದ್ದು ಹಳೆಯ ಹೂಡಿಕೆದಾರರಾದ ಐಸಿಐಸಿಐ ವೆಂಚರ್. ಹಣ ಹೋದದ್ದು ಮಾರಿದವರಿಗೆ. ಸುಭಿಕ್ಷಾದ ಬ್ಯಾಂಕ್ ಖಾತೆಗಲ್ಲ. ಹೊಸ ಷೇರು ವಿತರಣೆಗೂ ಹಳೆಯ ಷೇರಿನ ಕೈಬದಲಾವಣೆಗೂ ಇರುವ ಈ ವ್ಯತ್ಯಾಸವನ್ನು ಪತ್ರಿಕೆಗಳ ಶೀರ್ಷಿಕೆ ಹೇಳುವುದಿಲ್ಲ.

2008ರ ಸೆಪ್ಟೆಂಬರ್ ನಂತರದ ಜಾಗತಿಕ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳು ಕೈ ಬಿಗಿ ಹಿಡಿದವು. 2009ರ ಆರಂಭದೊಳಗೆ ಸಂಬಳ, ಬಾಡಿಗೆ, ಸರಬರಾಜುದಾರರ ಬಿಲ್ಲು ಎಲ್ಲವೂ ನಿಂತು ಮಳಿಗೆಗಳು ಮುಚ್ಚಿದವು. 2008ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕಪತ್ರಗಳು ಸಕಾಲಕ್ಕೆ ಅಂತಿಮಗೊಂಡಿರಲಿಲ್ಲವೆಂಬುದು ಆಮೇಲೆ ದೊಡ್ಡ ವಿವಾದವಾಯಿತು. ಲೆಕ್ಕಪರಿಶೋಧಿತ ಅಢಾವೆ ಪತ್ರಿಕೆ ತಡವಾಗುವುದೆಂದರೆ ಬರಿಯ ಕಚೇರಿ ವಿಳಂಬವೆಂದು ತಿಳಿಯುವವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು.

ಇದಕ್ಕೆ ಹೋಲಿಸಿ ನೋಡಬಹುದಾದ ಸರಣಿ ಡಿಮಾರ್ಟ್. ಅವೆನ್ಯೂ ಸೂಪರ್‌ಮಾರ್ಟ್ಸ್ ಸಂಸ್ಥೆಯ ಈ ಸರಣಿಯ ಮೊದಲ ಮಳಿಗೆ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ತೆರೆಯಿತು. ಹದಿನೈದು ವರ್ಷಗಳ ನಂತರ, 2017ರ ಮಾರ್ಚ್ ಅಂತ್ಯಕ್ಕೆ, ಅದರ ಬಳಿ ಇದ್ದದ್ದು ಕೇವಲ 131 ಮಳಿಗೆಗಳು. ಅದೇ ತಿಂಗಳು ಸಾರ್ವಜನಿಕ ಷೇರು ವಿತರಣೆಯಿಂದ ಸಂಗ್ರಹಿಸಿದ ರೂ. 1,870 ಕೋಟಿಯ ಬಹುಪಾಲನ್ನು ಸಾಲ ತೀರಿಸಲು ಮೀಸಲಿಡಲಾಗಿತ್ತು. 2025ರ ಮಾರ್ಚ್ ಅಂತ್ಯದ ವೇಳೆಗೆ ಮಳಿಗೆಗಳ ಸಂಖ್ಯೆ 415ಕ್ಕೆ ಏರಿತ್ತು. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ಬೇರು ಬಿಟ್ಟ ಮೇಲೆ ಪಕ್ಕದ ರಾಜ್ಯಗಳಿಗೆ ಕಾಲಿಡುವುದು, ಸಾಧ್ಯವಿದ್ದಲ್ಲೆಲ್ಲ ಜಾಗವನ್ನು ಬಾಡಿಗೆಗಿಂತ ಸ್ವಂತಕ್ಕೆ ಕೊಳ್ಳುವುದು ಅದರ ಪದ್ಧತಿ. ಬಾಡಿಗೆಯಿಲ್ಲದ ಮಳಿಗೆಗೆ ತೆಳು ಲಾಭಾಂಶವೇ ಸಾಕು.

ಆದರೆ ಈ ಪತ್ರಿಕೆಯ ಓದುಗರಿಗೆ ಮುಖ್ಯವಾದದ್ದು ಬೇರೊಂದು ಸಂಗತಿ. ಡಿಮಾರ್ಟ್ ತನ್ನ ಸರಬರಾಜುದಾರರ ಬಾಕಿಯನ್ನು ಸರಾಸರಿ ಹೆಚ್ಚುಕಡಿಮೆ ಒಂದು ವಾರದೊಳಗೆ ತೀರಿಸುತ್ತ ಬಂದಿರುವುದು ಅದರ ಪ್ರಕಟಿತ ಲೆಕ್ಕಪತ್ರಗಳಿಂದ ತಿಳಿಯುತ್ತದೆ. ದಾಸ್ತಾನು ಸುಮಾರು ಒಂದು ತಿಂಗಳದ್ದಾಗಿರುತ್ತದೆ. ಅಂದರೆ ಉದ್ರಿಯ ಹಣದಲ್ಲಿ ಮಳಿಗೆ ಕಟ್ಟುವ ಸುಲಭ ಮಾರ್ಗವನ್ನು ಅದು ತಾನಾಗಿಯೇ ಬಿಟ್ಟುಕೊಟ್ಟಿದೆ. ಬದಲಾಗಿ ಬೇಗ ಹಣ ಕೊಡುವುದರಿಂದ ಖರೀದಿ ಬೆಲೆಯಲ್ಲಿ ಸೋಡಿ ಪಡೆಯುತ್ತದೆ, ಆ ಸೋಡಿಯನ್ನು ಗ್ರಾಹಕನಿಗೆ ದಾಟಿಸುತ್ತದೆ. ನಮ್ಮ ಹಳೆಯ ಪೇಟೆಯ ಸಗಟು ವರ್ತಕರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ನಗದು ದರ, ಉದ್ರಿ ದರ ಎಂಬ ಎರಡು ದರಗಳು ಪ್ರತಿ ಮಂಡಿಯಲ್ಲೂ ಇದ್ದವು. ಇಂಥ ಸರಣಿಯು ಬೆಳೆದಾಗ ಬೆಲೆಯ ಮೇಲೆ ಒತ್ತಡ ಬೀಳುತ್ತದೆ ನಿಜ. ಆದರೆ ಅಸಲಿಗೆ ಅಪಾಯವಿರುವುದಿಲ್ಲ.

ಹೆಸರು ಬದಲಾವಣೆ: ಮೂರು ಬಗೆ

ವಿಸ್ತರಣೆಯೊಂದಿಗೆ ಮರುನಾಮಕರಣವೂ ಸೇರಿಕೊಳ್ಳುವುದು ಹಲವು ಕಾರಣಗಳಿಂದ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಕೊಂಡ ಮಳಿಗೆಗಳನ್ನು ಒಂದೇ ಫಲಕದಡಿ ತಂದರೆ ಜಾಹೀರಾತಿನ ವೆಚ್ಚ ಇಳಿಯುತ್ತದೆ, ಸ್ವಂತ ಲೇಬಲ್ಲಿನ ಸರಕನ್ನು ಎಲ್ಲೆಡೆಯೂ ಮಾರಬಹುದು. ಹಳೆಯ ಹೆಸರಿಗೆ ಕಳಪೆ ಸೇವೆಯ ಕಳಂಕ ಅಂಟಿದ್ದರೆ ಅದನ್ನು ಕಳಚುವ ಆಸೆಯೂ ಇರುತ್ತದೆ. ಕೆಲವೊಮ್ಮೆ ಹೆಸರು ಬೇರೆಯವರ ಸ್ವತ್ತಾಗಿರುವುದರಿಂದ ಬಿಟ್ಟುಕೊಡಲೇಬೇಕಾಗುತ್ತದೆ. 2005ರಲ್ಲಿ ಆರ್‌ಪಿಜಿ ಸಮೂಹ ಮತ್ತು ಹಾಂಗ್‌ಕಾಂಗ್ ಮೂಲದ ಡೈರಿ ಫಾರ್ಮ್ ಬೇರೆಯಾದಾಗ ಫುಡ್‌ವರ್ಲ್ಡ್ ಎಂಬ ಹೆಸರು ಒಂದು ಪಾಲಿಗೆ ಹೋಯಿತು. ಆರ್‌ಪಿಜಿ ಪಾಲಿಗೆ ಬಂದ ಮಳಿಗೆಗಳು ಸ್ಪೆನ್ಸರ್ಸ್ ಎಂಬ ಹೆಸರು ಧರಿಸಿದವು.

ಸರಬರಾಜುದಾರನ ದೃಷ್ಟಿಯಿಂದ ಮರುನಾಮಕರಣದಲ್ಲಿ ಮೂರು ಬಗೆಗಳಿವೆ. ಈ ಭೇದವೇ ಲೇಖನದ ತಿರುಳು.

ಮೊದಲನೆಯದು, ಸಂಸ್ಥೆ ಅದೇ ಇದ್ದು ಫಲಕ ಮಾತ್ರ ಬದಲಾಗುವುದು. ಎರಡನೆಯದು, ಸಂಸ್ಥೆಯ ಷೇರುಗಳನ್ನು ಬೇರೆಯವರು ಕೊಂಡು ಹೆಸರು ಬದಲಿಸುವುದು. ಬೆಂಗಳೂರಿನವರಿಗೆ ಪರಿಚಿತವಾದ ಫ್ಯಾಬ್‌ಮಾಲ್ ಪ್ರಸಂಗ ಈ ಬಗೆಯದು. ಹೈದರಾಬಾದಿನ ತ್ರಿನೇತ್ರ ಸರಣಿಯೊಡನೆ ಸೇರಿದ್ದ ಫ್ಯಾಬ್‌ಮಾಲ್ ಮಳಿಗೆಗಳು, ತ್ರಿನೇತ್ರ ಸೂಪರ್ ರೀಟೇಲ್ ಸಂಸ್ಥೆಯನ್ನು ಆದಿತ್ಯ ಬಿರ್ಲಾ ಸಮೂಹ ಕೊಂಡ ಮೇಲೆ, 2007ರಿಂದೀಚೆಗೆ 'ಮೋರ್' ಎಂಬ ಹೆಸರಿಗೆ ಬದಲಾದವು. ಇಲ್ಲಿ ಬಾಕಿ ಇದ್ದ ಸಂಸ್ಥೆಯೇ ಹೊಸ ಒಡೆಯರ ಕೈಗೆ ಹೋದದ್ದರಿಂದ ಬಾಕಿಯೂ ಅದರೊಡನೆಯೇ ಸಾಗುತ್ತದೆ. ಒಡೆಯರು ಬಲಿಷ್ಠರಾದಷ್ಟೂ ಸಾಲದಾತನ ಸ್ಥಿತಿ ಉತ್ತಮಗೊಳ್ಳುತ್ತದೆ. ವ್ಯಾಪಾರದ ಫಲಿತಾಂಶ ಬೇರೆ ಮಾತು. ಮೋರ್ ಸರಣಿಯು ವರ್ಷಗಟ್ಟಲೆ ನಷ್ಟದಲ್ಲೇ ನಡೆದು, 2018ರಲ್ಲಿ ಸಮಾರಾ ಕ್ಯಾಪಿಟಲ್ ಮತ್ತು ಅಮೆಜಾನ್ ಒಡೆತನದ ವಿಟ್ಜಿಗ್ ಸಂಸ್ಥೆಗೆ ಮಾರುವ ಒಪ್ಪಂದವಾಯಿತು. ಆದರೂ ಮಳಿಗೆಗಳು ನಡೆಯುತ್ತಲೇ ಇದ್ದವು, ಹೆಸರೂ ಉಳಿಯಿತು.

ಮೂರನೆಯ ಬಗೆಯಲ್ಲಿ ಮಳಿಗೆ ಹೋಗುತ್ತದೆ, ಬಾಕಿ ಹಿಂದೆ ಉಳಿಯುತ್ತದೆ. 2001ರಲ್ಲಿ ಆರಂಭವಾದ ಬಿಗ್ ಬಜಾರ್ ಭಾರತದ ಮಧ್ಯಮ ವರ್ಗಕ್ಕೆ ರಿಯಾಯಿತಿ ಮಳಿಗೆಯ ರುಚಿ ಹತ್ತಿಸಿದ ಸರಣಿ. ಅದರ ಒಡೆಯ ಸಂಸ್ಥೆಯಾದ ಫ್ಯೂಚರ್ ರೀಟೇಲ್ ಕೋವಿಡ್ ಕಾಲದ ಹೊತ್ತಿಗೆ ಸಾಲದ ಸುಳಿಗೆ ಸಿಕ್ಕಿತು. 2020ರ ಆಗಸ್ಟ್‌ನಲ್ಲಿ ಫ್ಯೂಚರ್ ಸಮೂಹದ ವ್ಯವಹಾರವನ್ನು ರೂ. 24,713 ಕೋಟಿಗೆ ರಿಲಯನ್ಸ್‌ಗೆ ವರ್ಗಾಯಿಸುವ ಯೋಜನೆ ಪ್ರಕಟವಾಯಿತು. ಅದು ಯೋಜನೆಯಂತೆಯೇ ಜಾರಿಯಾಗಿದ್ದರೆ ಸರಬರಾಜುದಾರರ ಕಥೆ ಬೇರೆಯಾಗುತ್ತಿತ್ತೇನೋ. ಅಮೆಜಾನ್ ಸಂಸ್ಥೆಯ ಆಕ್ಷೇಪದಿಂದ ವಿಷಯ ಸಿಂಗಪುರದ ಮಧ್ಯಸ್ಥಿಕೆಯಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ನಡುವೆ ಹಲವು ಮಳಿಗೆಗಳ ಬಾಡಿಗೆ ಕರಾರುಗಳು ರಿಲಯನ್ಸ್ ಹೆಸರಿಗೆ ಬದಲಾಗಿ, ಫ್ಯೂಚರ್ ರೀಟೇಲ್ ಅದರ ಉಪಬಾಡಿಗೆದಾರನಾಗಿತ್ತು. ಬಾಡಿಗೆ ಬಾಕಿ ಬಿದ್ದಾಗ, 2022ರ ಫೆಬ್ರವರಿಯಲ್ಲಿ, ಎಂಟುನೂರಕ್ಕೂ ಹೆಚ್ಚು ಮಳಿಗೆಗಳ ಉಪಬಾಡಿಗೆ ರದ್ದಾಗಿ ಜಾಗಗಳು ರಿಲಯನ್ಸ್ ವಶವಾದವು. ಅವುಗಳಲ್ಲಿ ಅನೇಕವು ಸ್ಮಾರ್ಟ್ ಬಜಾರ್ ಎಂಬ ಹೊಸ ಫಲಕ ಹೊತ್ತು ತೆರೆದವು. ಸಾಲದಾತ ಬ್ಯಾಂಕುಗಳು 2022ರ ಏಪ್ರಿಲ್‌ನಲ್ಲಿ ವರ್ಗಾವಣೆ ಯೋಜನೆಯನ್ನು ತಿರಸ್ಕರಿಸಿದವು. ಜುಲೈಯಲ್ಲಿ ಫ್ಯೂಚರ್ ರೀಟೇಲ್ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. 2024ರ ಜುಲೈಯಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು.

ಗ್ರಾಹಕನಿಗೆ ಇದು ಕೇವಲ ಫಲಕದ ಬದಲಾವಣೆಯಂತೆ ಕಂಡಿರಬಹುದು. ಅದೇ ಕಟ್ಟಡ, ಹೆಚ್ಚುಕಡಿಮೆ ಅದೇ ಸಿಬ್ಬಂದಿ, ಅದೇ ರ‍್ಯಾಕುಗಳ ಸಾಲು. ಹಳೆಯ ಬಿಲ್ಲು ಹಿಡಿದು ಹೋದ ಬೇಳೆ ವರ್ತಕನಿಗೆ ಮಾತ್ರ ಅದು ಪೂರ್ತಿ ಬೇರೆ ಅಂಗಡಿ. ಅವನ ಸಾಲಗಾರನು ಮಳಿಗೆಗಳಿಲ್ಲದ ಸಂಸ್ಥೆಯಾಗಿ ಉಳಿದಿದ್ದನು. 2016ರ ದಿವಾಳಿ ಸಂಹಿತೆಯ ಪ್ರಕಾರ ಸರಕು ಕೊಟ್ಟವನು 'ಕಾರ್ಯಾಚರಣೆಯ ಸಾಲದಾತ'. ಸಾಲದಾತರ ಸಮಿತಿಯಲ್ಲಿ ಮತ ಹಾಕುವ ಹಕ್ಕು ಸಾಮಾನ್ಯವಾಗಿ ಬ್ಯಾಂಕುಗಳಂಥ ಹಣಕಾಸು ಸಾಲದಾತರಿಗೆ ಮಾತ್ರ. ಸಮಾಪನವಾದರೆ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ಬಾಕಿ, ಭದ್ರತೆಯುಳ್ಳ ಸಾಲ ಇವೆಲ್ಲ ತೀರಿದ ಮೇಲೆ ಸರಬರಾಜುದಾರನ ಸರದಿ. ಅಷ್ಟರಲ್ಲಿ ಹಂಚಲು ಏನಾದರೂ ಉಳಿದಿರುವುದು ಅಪರೂಪ.

ಯಾವ ಬಗೆಯ ಬದಲಾವಣೆ ಎಂದು ಪತ್ತೆ ಹಚ್ಚಲು ವಕೀಲರ ಬಳಿಗೆ ಓಡಬೇಕಾಗಿಲ್ಲ. ಖರೀದಿ ಆದೇಶದ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ನೋಡಿದರೆ ಸಾಕು. ಆ ಹದಿನೈದು ಅಕ್ಷರಗಳಲ್ಲಿ ಮೂರನೆಯದರಿಂದ ಹನ್ನೆರಡನೆಯದರವರೆಗಿನ ಹತ್ತು ಅಕ್ಷರಗಳು ಆ ಸಂಸ್ಥೆಯ ಪ್ಯಾನ್ ಸಂಖ್ಯೆ. ಫಲಕ ಬದಲಾದರೂ ಈ ಹತ್ತು ಅಕ್ಷರಗಳು ಅವೇ ಇದ್ದರೆ ಸಾಲಗಾರ ಅವನೇ. ಅವು ಬದಲಾಗಿದ್ದರೆ ಹೊಸ ಸಂಸ್ಥೆಯೊಂದು ಬಂದಿದೆ ಎಂದರ್ಥ. ಹಳೆಯ ಬಾಕಿಯನ್ನು ಅದು ವಹಿಸಿಕೊಂಡಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯದೆ ಒಂದು ಚೀಲವನ್ನೂ ಇಳಿಸಬಾರದು. ಮಳಿಗೆಯ ಖರೀದಿ ಅಧಿಕಾರಿ ಹಳಬರೇ ಆಗಿದ್ದು, 'ಏನೂ ಚಿಂತೆ ಬೇಡ' ಎಂದು ಹೇಳಿದರೂ ಅದು ಸಂಸ್ಥೆಯನ್ನು ಕಟ್ಟಿಹಾಕುವ ಮಾತಲ್ಲ. ಕಂಪನಿಯೇ ತನ್ನ ಹೆಸರನ್ನು ಬದಲಿಸಿದ್ದರೆ, 2013ರ ಕಂಪನಿ ಕಾಯಿದೆಯ 12ನೆಯ ಪ್ರಕರಣದಂತೆ ಹಿಂದಿನ ಹೆಸರನ್ನೂ ಎರಡು ವರ್ಷಗಳ ಕಾಲ ಹೊಸ ಹೆಸರಿನೊಡನೆ ನಮೂದಿಸಬೇಕು. ಅದು ಪತ್ರದ ಶಿರೋಭಾಗದಲ್ಲಿ ಕಾಣದಿದ್ದರೆ ವಿಚಾರಿಸುವುದು ಲೇಸು.

ವಿದೇಶದ ಒಂದು ನಿದರ್ಶನವನ್ನೂ ಇಲ್ಲಿ ಹೇಳಬಹುದು. ಜರ್ಮನ್ ಮೂಲದ ರಿಯಾಯಿತಿ ಸರಣಿ ಆಲ್ಡಿ 2024ರ ಮಾರ್ಚ್‌ನಲ್ಲಿ ಅಮೆರಿಕದ ಆಗ್ನೇಯ ರಾಜ್ಯಗಳ ವಿನ್-ಡಿಕ್ಸಿ ಮತ್ತು ಹಾರ್ವೀಸ್ ಹೆಸರಿನ ಸುಮಾರು 400 ಮಳಿಗೆಗಳನ್ನು ಕೊಂಡಿತು. ಎಲ್ಲಕ್ಕೂ ತನ್ನ ಫಲಕ ಹಾಕಲಿಲ್ಲ. ಸುಮಾರು 220ನ್ನು ಹಂತಹಂತವಾಗಿ ಆಲ್ಡಿ ಮಾದರಿಗೆ ಪರಿವರ್ತಿಸಲು ಇಟ್ಟುಕೊಂಡು, ಉಳಿದ ಸುಮಾರು 170ನ್ನು ಹಳೆಯ ಹೆಸರುಗಳ ಸಮೇತ 2025ರ ಆರಂಭದಲ್ಲಿ ಬೇರೊಂದು ಕೂಟಕ್ಕೆ ಮಾರಿತು. ಕಡಿಮೆ ಬಗೆಯ ಸರಕು, ಸ್ವಂತ ಲೇಬಲ್, ಸಣ್ಣ ಮಳಿಗೆ ಎಂಬ ತನ್ನ ಪದ್ಧತಿಗೆ ಹೊಂದದ ಕಟ್ಟಡಕ್ಕೆ ತನ್ನ ಹೆಸರು ಕೊಡುವುದರಿಂದ ನಷ್ಟವೇ ಹೆಚ್ಚೆಂದು ಅದು ಭಾವಿಸಿರಬೇಕು. ನಮ್ಮಲ್ಲಿ ಕೊಂಡದ್ದಕ್ಕೆಲ್ಲ ಆರು ತಿಂಗಳಲ್ಲಿ ಬಣ್ಣ ಬಳಿಯುವ ಆತುರ ಕಾಣುತ್ತದೆ.

ಹೆಸರಿನ ವೆಚ್ಚ ಯಾರ ಖಾತೆಗೆ

ಫಲಕ, ಕೈಚೀಲ, ಸಮವಸ್ತ್ರ, ಜಾಹೀರಾತು ಇವುಗಳ ವೆಚ್ಚವನ್ನು ಸರಣಿಯೇ ಭರಿಸುತ್ತದೆ. ಲೆಕ್ಕಪತ್ರ ಮಾನದಂಡಗಳ ಪ್ರಕಾರ ಜಾಹೀರಾತಿನ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ, ಆಯಾ ವರ್ಷವೇ ಖರ್ಚು ಬರೆಯಬೇಕು. ಹಣ ಕೊಟ್ಟು ಕೊಂಡ ಹಳೆಯ ಹೆಸರೊಂದು ಪುಸ್ತಕದಲ್ಲಿ ಆಸ್ತಿಯಾಗಿದ್ದು, ಅದನ್ನು ಕೈಬಿಡಲು ತೀರ್ಮಾನಿಸಿದರೆ ಅದರ ಮೌಲ್ಯವನ್ನೂ ಇಳಿಸಬೇಕು. ಆದ್ದರಿಂದ ಮರುನಾಮಕರಣದ ವರ್ಷದಲ್ಲಿ ನಷ್ಟ ಕಂಡರೆ ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಕರ್ನಾಟಕದಲ್ಲಿ ಹೊಸ ಫಲಕ ಬರೆಸುವವರು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಮತ್ತು ಅದರ 2024ರ ತಿದ್ದುಪಡಿಯಂತೆ ಶೇ. 60ರಷ್ಟು ಭಾಗವನ್ನು ಕನ್ನಡಕ್ಕೆ ಮೀಸಲಿಡಬೇಕು ಎಂಬುದನ್ನು ಮೊದಲೇ ಗಮನಿಸಿದರೆ ಎರಡೆರಡು ಬಾರಿ ಬರೆಸುವ ಖರ್ಚು ತಪ್ಪುತ್ತದೆ.

ಆದರೆ ಒಂದು ವೆಚ್ಚ ಸದ್ದಿಲ್ಲದೆ ಸರಬರಾಜುದಾರನ ತಲೆಗೆ ಬೀಳುತ್ತದೆ. ಸರಣಿಯ ಸ್ವಂತ ಲೇಬಲ್ಲಿನಲ್ಲಿ ಬೇಳೆ, ಹಿಟ್ಟು, ಸಾಂಬಾರ ಪುಡಿ ತುಂಬಿಕೊಡುವ ಘಟಕಗಳು ಆ ಹೆಸರಿನ ಚೀಲಗಳನ್ನು ತಾವೇ ಮುದ್ರಿಸಿ ದಾಸ್ತಾನಿಟ್ಟಿರುತ್ತವೆ. ಮುದ್ರಣದ ಸಿಲಿಂಡರಿಗೆ ಬೇರೆ ವೆಚ್ಚ. ಮುದ್ರಕರು ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ. ಹೆಸರು ಬದಲಾದ ದಿನ ಆ ಸುರುಳಿಗಳು ರದ್ದಿಯಾಗುತ್ತವೆ, ತುಂಬಿಟ್ಟ ಸರಕನ್ನು ಮತ್ತೆ ಬಿಚ್ಚಿ ತುಂಬಬೇಕಾಗುತ್ತದೆ. ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರುವ ಮೊದಲು ಕಾನೂನು ಮಾಪನ ಹಾಗೂ ಆಹಾರ ಸುರಕ್ಷತಾ ನಿಯಮಗಳನ್ನು ನೋಡಿಕೊಳ್ಳಬೇಕು. ಸ್ವಂತ ಲೇಬಲ್ಲಿನ ಕರಾರಿಗೆ ಸಹಿ ಹಾಕುವಾಗಲೇ, ಹೆಸರು ಅಥವಾ ವಿನ್ಯಾಸ ಬದಲಾದರೆ ಇಷ್ಟು ತಿಂಗಳ ಮುನ್ಸೂಚನೆ ಕೊಡಬೇಕು, ಉಳಿದ ಚೀಲ ಮತ್ತು ಸಿಲಿಂಡರುಗಳ ಬೆಲೆಯನ್ನು ಖರೀದಿದಾರನೇ ಭರಿಸಬೇಕು ಎಂಬ ಒಂದು ಸಾಲನ್ನು ಸೇರಿಸಿಕೊಳ್ಳುವುದು ವ್ಯವಹಾರ ಜಾಣ್ಮೆ. ದೊಡ್ಡ ಸರಣಿಗಳು ಇಂಥ ಷರತ್ತನ್ನು ಒಪ್ಪುವುದೇ ಇಲ್ಲ ಎಂಬುದು ಕೇಳದೆಯೇ ಬಿಟ್ಟವರ ಮಾತು.

ಬಾಕಿಯ ರಕ್ಷಣೆ

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ಸಾಕಷ್ಟು ಬಲ ಕೊಟ್ಟಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆ ಇದಕ್ಕೆ ಇನ್ನೊಂದು ಹಲ್ಲು ಕೂಡಿಸಿತು. 2023-24ನೆಯ ಹಣಕಾಸು ವರ್ಷದಿಂದ, ಈ ಅವಧಿ ಮೀರಿದ ಬಾಕಿಯನ್ನು ಖರೀದಿದಾರನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ತನ್ನ ಆದಾಯದಿಂದ ಕಳೆಯಬಹುದು. ತೆಳು ಲಾಭಾಂಶದ ಸರಣಿಗೆ ಇದು ಸಣ್ಣ ಪೆಟ್ಟಲ್ಲ.

ಆದರೆ ಇಲ್ಲೊಂದು ಕಂದಕವಿದೆ, ನಮ್ಮ ಯಾರ್ಡುಗಳ ಸದಸ್ಯರಲ್ಲಿ ಅನೇಕರು ಅದರಲ್ಲಿ ಬೀಳುತ್ತಾರೆ. ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ. ಸಗಟು ಹಾಗೂ ಚಿಲ್ಲರೆ ವರ್ತಕರಿಗೆ 2021ರ ಜುಲೈಯಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ಬೇಳೆ ಒಡೆಯುವ ಗಿರಣಿಗೆ 45 ದಿನಗಳ ಕಾಯಿದೆ ಅನ್ವಯಿಸುತ್ತದೆ. ಅದೇ ಬೇಳೆಯನ್ನು ಕೊಂಡು ಮಾರುವ ವರ್ತಕನಿಗೆ ಇಲ್ಲ. ಎರಡೂ ಮಾಡುವವರು ತಮ್ಮ ನೋಂದಣಿ ಯಾವ ಚಟುವಟಿಕೆಯ ಹೆಸರಲ್ಲಿದೆ ಎಂದು ಪ್ರಮಾಣಪತ್ರ ತೆಗೆದು ನೋಡಬೇಕು. ಮಧ್ಯಮ ಗಾತ್ರದ ಘಟಕಗಳಿಗೂ ಈ ರಕ್ಷಣೆಯಿಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವಹಿವಾಟು ಮಿತಿಯನ್ನು ರೂ. 100 ಕೋಟಿಗೆ, ಹೂಡಿಕೆ ಮಿತಿಯನ್ನು ರೂ. 25 ಕೋಟಿಗೆ ಏರಿಸಿರುವುದರಿಂದ ಹಿಂದೆ ಹೊರಗುಳಿದಿದ್ದ ಕೆಲವು ಗಿರಣಿಗಳು ಒಳಗೆ ಬಂದಿರುವ ಸಾಧ್ಯತೆಯುಂಟು.

ಮುಳುಗಿದ ಬಾಕಿಯ ಇನ್ನೊಂದು ಕಹಿ ಜಿಎಸ್‌ಟಿಯದು. 25 ಕಿಲೋಗ್ರಾಂವರೆಗಿನ, ಲೇಬಲ್ ಹಚ್ಚಿದ ಬೇಳೆ ಅಕ್ಕಿಗಳ ಮೇಲೆ 2022ರ ಜುಲೈ 18ರಿಂದ ಶೇ. 5ರ ತೆರಿಗೆ ಬಂತು. ಬಿಲ್ಲು ಮಾಡಿದ ತಿಂಗಳ ಲೆಕ್ಕದಲ್ಲೇ ಮಾರಿದವನು ಈ ತೆರಿಗೆ ಕಟ್ಟುತ್ತಾನೆ. ಖರೀದಿದಾರನು ಹಣ ಕೊಡದಿದ್ದರೂ ಅದನ್ನು ಹಿಂದಕ್ಕೆ ಪಡೆಯಲು ಮಾರಿದವನಿಗೆ ಅವಕಾಶವಿಲ್ಲ. 180 ದಿನಗಳೊಳಗೆ ಹಣ ಕೊಡದ ಖರೀದಿದಾರನು ತಾನು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಮರಳಿಸಬೇಕೆಂಬ ನಿಯಮವಿದೆಯಾದರೂ, ಆ ಹಣ ಸರ್ಕಾರಕ್ಕೆ ಹೋಗುವುದೇ ಹೊರತು ಸರಬರಾಜುದಾರನಿಗಲ್ಲ.

ಆದಕಾರಣ ಬಾಕಿ ಮುಳುಗುವ ಮೊದಲೇ ಓದಬೇಕಾದದ್ದು ಸರಣಿಯ ಅಢಾವೆ ಪತ್ರಿಕೆ. ಯಾವುದೇ ಕಂಪನಿಯ ಲೆಕ್ಕಪತ್ರಗಳನ್ನು ಅಲ್ಪ ಶುಲ್ಕ ಕೊಟ್ಟು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಸರಬರಾಜುದಾರರ ಬಾಕಿಯನ್ನು ವರ್ಷದ ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಿದರೆ ಬಾಕಿಯ ದಿನಗಳು ಸಿಗುತ್ತವೆ. ದಾಸ್ತಾನಿನ ದಿನಗಳನ್ನೂ ಹಾಗೆಯೇ ತೆಗೆಯಬಹುದು. ವರ್ಷದಿಂದ ವರ್ಷಕ್ಕೆ ಬಾಕಿಯ ದಿನ ಏರುತ್ತ ಮಳಿಗೆಗಳ ಸಂಖ್ಯೆಯೂ ಏರುತ್ತಿದ್ದು, ಷೇರು ಬಂಡವಾಳ ಮಾತ್ರ ಇದ್ದಲ್ಲೇ ಇದ್ದರೆ, ಆ ಹೊಸ ಮಳಿಗೆಗಳು ಯಾರ ಹಣದಲ್ಲಿ ಏಳುತ್ತಿವೆ ಎಂಬುದು ತಿಳಿಯುತ್ತದೆ. ಒಂದು ಎಚ್ಚರಿಕೆ: 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎ.ಎಸ್. 116ರ ಪ್ರಕಾರ, ಅದು ಅನ್ವಯಿಸುವ ಕಂಪನಿಗಳಲ್ಲಿ ಬಾಡಿಗೆಯ ಬಹುಭಾಗವು ಸವಕಳಿ ಮತ್ತು ಬಡ್ಡಿಯಾಗಿ ರೂಪ ಬದಲಿಸುತ್ತದೆ. ಬಡ್ಡಿ, ತೆರಿಗೆ, ಸವಕಳಿಗಳಿಗೆ ಮುಂಚಿನ ಲಾಭ ಎಂದು ಪತ್ರಿಕಾ ಪ್ರಕಟಣೆಗಳಲ್ಲಿ ಹೇಳುವ ಅಂಕಿ ಇದರಿಂದ ಉಬ್ಬಿ ಕಾಣುತ್ತದೆ. ಬಾಡಿಗೆ ಮಳಿಗೆಗಳ ಸರಣಿಯಲ್ಲಂತೂ ಅದನ್ನು ನೆಚ್ಚುವಂತಿಲ್ಲ. ನಗದು ಹರಿವಿನ ಪಟ್ಟಿಯಲ್ಲಿ ಗುತ್ತಿಗೆ ಹೊಣೆಯ ಪಾವತಿ ಎಂಬ ಸಾಲಿನಲ್ಲಿ ನಿಜವಾದ ಬಾಡಿಗೆ ಅಡಗಿರುತ್ತದೆ.

ವರ್ಷಕ್ಕೆ ರೂ. 250 ಕೋಟಿ ಮೀರಿ ವಹಿವಾಟು ನಡೆಸುವ ಕಂಪನಿಗಳು ಟ್ರೆಡ್ಸ್ ಎಂಬ ಬಿಲ್ಲು ವಟಾವಣೆ ವೇದಿಕೆಗಳಲ್ಲಿ 2025ರ ಮಾರ್ಚ್ 31ರೊಳಗೆ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಅದಕ್ಕೂ ಮೊದಲು ಈ ಮಿತಿ ರೂ. 500 ಕೋಟಿಯಿತ್ತು. ಅಲ್ಲಿ ಖರೀದಿದಾರನು ಬಿಲ್ಲನ್ನು ಒಪ್ಪಿದ ಮೇಲೆ ಬ್ಯಾಂಕೊಂದು ವಟಾವು ಕಳೆದು ಹಣ ಕೊಡುತ್ತದೆ, ಮುಂದೆ ಖರೀದಿದಾರನು ತಪ್ಪಿದರೂ ಸರಬರಾಜುದಾರನಿಂದ ವಾಪಸು ಕೇಳುವುದಿಲ್ಲ. ಪಾವತಿ ಅವಧಿ 21ರಿಂದ 45 ದಿನಕ್ಕೆ ಏರಿದೆ ಎಂಬ ಸಾದಾ ಕಾಗದದ ಪತ್ರ ಬಂದಾಗ ಗಿರಣಿಯವರು ಬರೆಯಬಹುದಾದ ಉತ್ತರ ಒಂದೇ ವಾಕ್ಯದ್ದು: 45 ದಿನಕ್ಕೆ ಒಪ್ಪಿಗೆಯಿದೆ, ಪ್ರತಿ ಬಿಲ್ಲನ್ನೂ ಟ್ರೆಡ್ಸ್‌ನಲ್ಲಿ ಒಪ್ಪಿ ಕೊಡುವಿರಾ? ಸರಣಿಯ ಖರೀದಿ ವಿಭಾಗವು ಈ ಪ್ರಶ್ನೆಗೆ ಎಷ್ಟು ದಿನಗಳಲ್ಲಿ ಉತ್ತರಿಸುತ್ತದೆ, ಏನೆಂದು ಉತ್ತರಿಸುತ್ತದೆ ಎಂಬುದನ್ನು ಬಾಕಿಯ ಖಾತೆಯ ಪಕ್ಕದಲ್ಲೇ ಗುರುತು ಹಾಕಿಡಬೇಕು.